ಪಿಸ್ತೂಲು ಮೊದಲು ಕೈಗೆ ಒಗ್ಗಲಿ: ಓದುಗರ ಪ್ರಶ್ನೆ, ಆರ್ಮರರ್ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ನಾಲ್ಕೂ ಪಿಸ್ತೂಲಿನವೇ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟು: ನಾನು ಧಾರವಾಡದ ಕಡೆಯವನು. ಸೈನ್ಯದಲ್ಲಿ ಆರ್ಮರರ್ ಆಗಿದ್ದೆ. ಬಂದೂಕು, ಪಿಸ್ತೂಲುಗಳ ತಪಾಸಣೆ ಮತ್ತು ರಿಪೇರಿ ನನ್ನ ಕೆಲಸ. ನಿವೃತ್ತಿಯ ನಂತರ ಕೆಲವು ವರ್ಷ ದುಬೈಯ ಒಂದು ಶೂಟಿಂಗ್ ಕ್ಲಬ್ಬಿನಲ್ಲೂ ಅದೇ ಕೆಲಸ ಮಾಡಿದೆ. ಈಗ ಪುಣೆಯ ಖಡಕಿಯಲ್ಲಿ ಮನೆ. ಇಲ್ಲಿನ ಬಾಲೇವಾಡಿ ಶೂಟಿಂಗ್ ರೇಂಜಿನಲ್ಲಿ ಕಲಿಯುವ ಮಕ್ಕಳ ಏರ್ ಪಿಸ್ತೂಲಿನ ಹಿಡಿ ನೋಡಿಕೊಡುತ್ತೇನೆ.

ಪ್ರಶ್ನೆ: ಸರ್, ನಾನು ಮುಂಬೈ ಪಕ್ಕದ ಠಾಣೆ ನಗರದಲ್ಲಿದ್ದೇನೆ, ಊರು ಕುಂದಾಪುರ. ವರ್ಲಿ ರೇಂಜಿನಲ್ಲಿ .22 ಪಿಸ್ತೂಲು ಅಭ್ಯಾಸ ಮಾಡಿದ್ದೇನೆ. ಕಂಪನಿ ಕೆಲಸದ ಮೇಲೆ ಮೂರು ವರ್ಷಕ್ಕೆ ಚೆಕ್ ದೇಶಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಪ್ರಾಕ್ಟಿಕಲ್ ಶೂಟಿಂಗ್ ಆಡುವ ಆಸೆ. ಮೊದಲಿಗೇ ಒಂದು ಕಸ್ಟಮ್ ಪಿಸ್ತೂಲು ಮಾಡಿಸಿಕೊಂಡುಬಿಡಲೇ? ಟ್ರಿಗರ್, ಕಾಂಪೆನ್ಸೇಟರ್ (ಮೂತಿ ಮೇಲೇಳದಂತೆ ನಳಿಗೆಯ ತುದಿಗೆ ಹಾಕುವ ಭಾಗ), ಡಾಟ್ ಸೈಟ್ (ಚುಕ್ಕೆ ತೋರಿಸಿ ಗುರಿ ಹಿಡಿಸುವ ಗಾಜು), ಇವುಗಳಲ್ಲಿ ಯಾವುದಕ್ಕೆ ಮೊದಲು ದುಡ್ಡು ಹಾಕಬೇಕು?

ಉತ್ತರ: ತಮ್ಮಾ, ಮೂರರಲ್ಲಿ ಯಾವುದಕ್ಕೂ ಬೇಡ. ಮೊದಲು ಹಿಡಿ, ಆಮೇಲೆ ಮ್ಯಾಗಝೀನು (ಗುಂಡು ತುಂಬುವ ಡಬ್ಬಿ), ಆಮೇಲೆ ಗುಂಡು. ಉಳಿದದ್ದೆಲ್ಲ ಒಂದು ಸೀಸನ್ ಆಡಿದ ಮೇಲೆ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಈ ಆಟದ ಲೆಕ್ಕವೇ ಬೇರೆ.

ಬೇರೆ ಓದುಗರಿಗೂ ತಿಳಿಯಲಿ. ಪ್ರಾಕ್ಟಿಕಲ್ ಶೂಟಿಂಗ್‌ನಲ್ಲಿ ಒಂದೇ ಕಡೆ ನಿಂತು ಒಂದೇ ಗುರಿಗೆ ಹೊಡೆಯುವುದಿಲ್ಲ. ಓಡಬೇಕು, ಗೋಡೆಯ ಸಂದಿಯಿಂದ ಹೊಡೆಯಬೇಕು, ನಡುವೆ ಮ್ಯಾಗಝೀನು ಬದಲಿಸಬೇಕು. ಇದನ್ನು ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಐಪಿಎಸ್‌ಸಿ, ಅಂದರೆ ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್‌ಫೆಡರೇಷನ್. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಹುಟ್ಟಿತು. ಜೆಫ್ ಕೂಪರ್ ಮೊದಲ ಅಧ್ಯಕ್ಷರು. ನಿಖರತೆ, ಬಲ, ವೇಗ, ಮೂರಕ್ಕೂ ಬೆಲೆ ಕೊಡುವುದು ಈ ಆಟದ ತತ್ವ.

ಅಂಕ ಹೀಗೆ ಬರುತ್ತದೆ. ಕಾಗದದ ಗುರಿಯಲ್ಲಿ ನಡುವಿನ ಎ ವಲಯಕ್ಕೆ 5 ಅಂಕ. ಸಿ ವಲಯಕ್ಕೆ ಗುಂಡು ಮೇಜರ್ (ಬಲ ಜಾಸ್ತಿ) ಆಗಿದ್ದರೆ 4, ಮೈನರ್ (ಬಲ ಕಡಿಮೆ) ಆಗಿದ್ದರೆ 3. ಡಿ ವಲಯಕ್ಕೆ 2 ಅಥವಾ 1. ಗುರಿ ತಪ್ಪಿದರೆ 10 ಅಂಕ ಕಡಿತ. ಬಂದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಅದಕ್ಕೆ ಹಿಟ್ ಫ್ಯಾಕ್ಟರ್ ಅನ್ನುತ್ತಾರೆ. 24 ಗುಂಡಿನ ಒಂದು ಸ್ಟೇಜಿನಲ್ಲಿ (ಪಂದ್ಯದ ಒಂದು ಸುತ್ತಿನಲ್ಲಿ) ನೀವು 20 ಸೆಕೆಂಡಿಗೆ 110 ಅಂಕ ತೆಗೆದಿರಿ ಅನ್ನಿ. ಹಿಟ್ ಫ್ಯಾಕ್ಟರ್ 5.5.

ಈಗ ಅದೇ ಸ್ಟೇಜಿನಲ್ಲಿ ಪಿಸ್ತೂಲು ಒಂದು ಸಲ ಜಾಮ್ ಆಯಿತು. ತಟ್ಟಿ, ಎಳೆದು, ಮತ್ತೆ ಶುರು ಮಾಡೋಕೆ 4 ಸೆಕೆಂಡು ಹೋಯಿತು. 110 ಭಾಗಿಸು 24, ಬಂದದ್ದು 4.58. ದುಬಾರಿ ಟ್ರಿಗರ್ ಹಾಕಿಸಿ ಇಡೀ ಸ್ಟೇಜಿನಲ್ಲಿ ಅರ್ಧ ಸೆಕೆಂಡು ಉಳಿಸಿದರೂ ಸಿಗುವುದು 5.64. ಒಂದು ಜಾಮ್ ಕಸಿದುಕೊಳ್ಳುವುದು ಎಷ್ಟು, ಒಂದು ಟ್ರಿಗರ್ ಕೊಡುವುದು ಎಷ್ಟು, ನೀವೇ ನೋಡಿ. ಗುರಿ ತಪ್ಪಿದರೆ ಇನ್ನೂ ಕಷ್ಟ. ಸಿಗಬೇಕಿದ್ದ 5 ಹೋಯಿತು, ಮೇಲೆ 10 ಕಡಿತ. ಒಟ್ಟು 15 ಅಂಕ. 5.5ರ ವೇಗದಲ್ಲಿ ಆಡುವವನಿಗೆ ಅದು ಹತ್ತಿರ ಹತ್ತಿರ 2.7 ಸೆಕೆಂಡಿಗೆ ಸಮ. ಈ ಲೆಕ್ಕ ತಲೆಯಲ್ಲಿದ್ದರೆ ಅಂಗಡಿಯಲ್ಲಿ ಯಾವ ಸಾಮಾನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನೋದು ಬೇಗ ಗೊತ್ತಾಗುತ್ತದೆ.

ಎರಡನೇ ಮಾತು ವಿಭಾಗದ್ದು. ಇದನ್ನು ತೀರ್ಮಾನ ಮಾಡದೆ ಒಂದು ಸ್ಕ್ರೂ ಕೂಡ ಕೊಳ್ಳಬೇಡಿ. ಪ್ರೊಡಕ್ಷನ್ ವಿಭಾಗದಲ್ಲಿ ಐಪಿಎಸ್‌ಸಿ ಒಪ್ಪಿದ ಪಟ್ಟಿಯಲ್ಲಿರುವ ಪಿಸ್ತೂಲುಗಳು ಮಾತ್ರ. ಡಾಟ್ ಸೈಟ್ ಇಲ್ಲ, ಕಾಂಪೆನ್ಸೇಟರ್ ಇಲ್ಲ. ಎಲ್ಲರಿಗೂ ಮೈನರ್ ಅಂಕ. ಶುರುವಿನಲ್ಲಿ ಮ್ಯಾಗಝೀನಿನಲ್ಲಿ 15 ಗುಂಡು. ಡಾಟ್ ಬೇಕು ಅಂದರೆ ಪ್ರೊಡಕ್ಷನ್ ಆಪ್ಟಿಕ್ಸ್ ಇದೆ. ಸ್ಟ್ಯಾಂಡರ್ಡ್ ವಿಭಾಗದ ಪಿಸ್ತೂಲು 225 × 150 × 45 ಮಿ.ಮೀ. ಪೆಟ್ಟಿಗೆಯೊಳಗೆ ಕೂರಬೇಕು. ಕಾಂಪೆನ್ಸೇಟರ್ ಹಾಕಿದರೆ ನೀವು ಸೀದಾ ಓಪನ್ ವಿಭಾಗಕ್ಕೆ ಹೋಗುತ್ತೀರಿ. ಅಲ್ಲಿ ಉಳಿದವರೆಲ್ಲ ಮೇಜರ್ ಗುಂಡು, ಉದ್ದ ಮ್ಯಾಗಝೀನು, ಡಾಟ್ ಹಿಡಿದು ನಿಂತಿರುತ್ತಾರೆ. ಸಾಧಾರಣ ಪಿಸ್ತೂಲಿಗೆ ಒಂದು ಕಾಂಪೆನ್ಸೇಟರ್ ಸಿಕ್ಕಿಸಿಕೊಂಡು ಅವರ ಜೊತೆ ಆಡಿದರೆ ಪ್ರತಿ ಸಿ ಹೊಡೆತಕ್ಕೂ ಒಂದೊಂದು ಅಂಕ ಕಳೆದುಕೊಳ್ಳುತ್ತೀರಿ. ಹೊಸಬರು ಪ್ರೊಡಕ್ಷನ್‌ನಿಂದ ಶುರು ಮಾಡುವುದೇ ಸರಿ ಅನ್ನೋದು ನನ್ನ ಅಭಿಪ್ರಾಯ. ನಿಯಮಗಳು ಆಗಾಗ ಬದಲಾಗುತ್ತವೆ, ಆ ವರ್ಷದ ನಿಯಮ ಪುಸ್ತಕ ಓದಿಯೇ ಕೊಳ್ಳಿ.

ನೀವು ಹೋಗುತ್ತಿರುವ ದೇಶದಲ್ಲೇ ಉಹೆರ್‌ಸ್ಕಿ ಬ್ರೊಡ್ ಅನ್ನುವ ಊರಿದೆ. ಸಿಝಡ್ ಪಿಸ್ತೂಲುಗಳ ಮನೆ ಅದು. ಅವರ ಶ್ಯಾಡೋ 2 ಪ್ರೊಡಕ್ಷನ್ ವಿಭಾಗದಲ್ಲಿ ಎಲ್ಲೆಲ್ಲೂ ಕಾಣುವ ಪಿಸ್ತೂಲು. ಇಟಲಿಯ ಟಾನ್‌ಫೋಲಿಯೊ ಕೂಡ ಅದೇ ಮನೆತನದ ವಿನ್ಯಾಸ. ಇವು ಉಕ್ಕಿನವು, ಭಾರ ಜಾಸ್ತಿ. ಶ್ಯಾಡೋ 2 ಖಾಲಿ ಇದ್ದಾಗಲೇ 1.3 ಕಿಲೋ ದಾಟುತ್ತದೆ. ಆ ಭಾರವೇ ಗುಂಡು ಹಾರಿದಾಗ ಮೂತಿ ಮೇಲೇಳದಂತೆ ತಡೆಯುತ್ತದೆ. ಹಾಗಂತ ಎಲ್ಲರ ಕೈಗೂ ಅದೇ ಆಗಬೇಕು ಅಂತಿಲ್ಲ. ಕ್ಲಬ್ಬಿನಲ್ಲಿ ನಾಲ್ಕಾರು ಪಿಸ್ತೂಲು ಬಾಡಿಗೆಗೆ ಸಿಗುತ್ತವೆ. ಅಲ್ಲಿಯೂ ಸ್ವಂತ ಪಿಸ್ತೂಲಿಗೆ ಪರೀಕ್ಷೆ, ವೈದ್ಯರ ಪತ್ರ, ಪರವಾನಗಿ ಬೇಕು. ಅದು ಸಿಗುವವರೆಗೆ ಎಲ್ಲವನ್ನೂ ಹೊಡೆದು ನೋಡಿ.

ಕೈಗೆ ಒಗ್ಗುತ್ತಾ ಅಂತ ನೋಡೋದು ಹೇಗೆ? ಪಿಸ್ತೂಲು ಖಾಲಿ ಇದೆ ಅಂತ ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಿ. ಹೆಬ್ಬೆರಳು, ತೋರುಬೆರಳಿನ ನಡುವಿನ ಸಂದನ್ನು ಹಿಡಿಯ ಹಿಂಬದಿಯಲ್ಲಿ ಎಷ್ಟು ಮೇಲೆ ಕೂರುತ್ತೋ ಅಷ್ಟು ಮೇಲೆ ಕೂರಿಸಿ. ನಳಿಗೆಯೂ ಮುಂಗೈಯೂ ಒಂದೇ ಗೆರೆಯಲ್ಲಿರಬೇಕು. ಈಗ ಬೆರಳನ್ನು ಟ್ರಿಗರ್ ಮೇಲೆ ಇಡಿ. ಶ್ಯಾಡೋ 2ರಂಥ ಪಿಸ್ತೂಲಿನಲ್ಲಿ ಶುರುವಿಗೆ ಹ್ಯಾಮರ್ (ಗುಂಡು ಹಾರಿಸಲು ಪೆಟ್ಟು ಕೊಡುವ ಸುತ್ತಿಗೆ) ಕೆಳಗಿರುತ್ತದೆ. ಹಾಗಾಗಿ ಮೊದಲ ಗುಂಡಿಗೆ ಟ್ರಿಗರ್ ದೂರ, ಎಳೆತ ಭಾರ. ಪರೀಕ್ಷೆಯನ್ನು ಹ್ಯಾಮರ್ ಕೆಳಗಿಟ್ಟೇ ಮಾಡಬೇಕು. ಬೆರಳಿನ ತುದಿಯ ಮೆತ್ತನೆ ಭಾಗ ಟ್ರಿಗರಿನ ನಡುವೆ ಬಂದರೆ ಒಳ್ಳೆಯದು. ಬೆರಳು ಮುಟ್ಟಲಿ ಅಂತ ಕೈಯನ್ನೇ ತಿರುಗಿಸಬೇಕಾದರೆ ಹಿಡಿ ದಪ್ಪ ಆಯಿತು. ಮೊದಲ ಗುಂಡು ಪ್ರತಿ ಸಲ ಒಂದೇ ಕಡೆಗೆ ಸರಿಯುತ್ತೆ. ನಮ್ಮವರ ಕೈ ಸಾಮಾನ್ಯವಾಗಿ ಯುರೋಪಿನವರ ಕೈಗಿಂತ ಚಿಕ್ಕದು. ತೆಳ್ಳನೆಯ ಅಲ್ಯೂಮಿನಿಯಂ ಹಿಡಿ ಪಟ್ಟಿ ಹಾಕಿಸಿದರೆ ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ. ಇದೇ ನಿಮ್ಮ ಮೊದಲ ಕಸ್ಟಮ್ ಕೆಲಸ, ಎಲ್ಲಕ್ಕಿಂತ ಅಗ್ಗದ್ದೂ ಹೌದು.

ಮ್ಯಾಗಝೀನು. ದುಬೈಯಲ್ಲಿ ನನ್ನ ಮೇಜಿಗೆ ಬರುತ್ತಿದ್ದ ಜಾಮ್ ದೂರುಗಳಲ್ಲಿ ಬಹುಪಾಲು ಇಲ್ಲಿಂದಲೇ. ಓಡುತ್ತಾ ಬದಲಿಸುವಾಗ ಖಾಲಿ ಮ್ಯಾಗಝೀನು ಮರಳಿಗೆ ಬೀಳುತ್ತದೆ. ಬಾಯಿಯ ತುಟಿ ಸ್ವಲ್ಪ ಬಾಗಿದರೂ ಗುಂಡು ಓರೆಯಾಗಿ ಏಳುತ್ತದೆ. ಪ್ರತಿ ಮ್ಯಾಗಝೀನಿನ ತಳಕ್ಕೂ ಪೇಂಟಿನಲ್ಲಿ ನಂಬರ್ ಬರೆಯಿರಿ. ಜಾಮ್ ಆದಾಗ ಯಾವ ನಂಬರ್ ಅಂತ ಬರೆದಿಡಿ. ಒಂದೇ ನಂಬರ್ ಮತ್ತೆ ಬಂದರೆ ಪಿಸ್ತೂಲು ಸರಿಯಿದೆ, ಮ್ಯಾಗಝೀನು ಕೆಟ್ಟಿದೆ. ಅದನ್ನು ಪಂದ್ಯದಿಂದ ತೆಗೆದು ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಗುಂಡಿನ ವಿಷಯಕ್ಕೆ ಬರೋಣ. ಗುಂಡಿನ ತೂಕವನ್ನು ಗ್ರೇನ್ ಅನ್ನುವ ಅಳತೆಯಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಅಂತ ತೆಗೆದುಕೊಂಡು ಗುಣಿಸಿ, ಸಾವಿರದಿಂದ ಭಾಗಿಸಿ. ಅದು ಪವರ್ ಫ್ಯಾಕ್ಟರ್. ಮೈನರ್‌ಗೆ 125 ಬೇಕು. ಮೇಜರ್‌ಗೆ ಓಪನ್‌ನಲ್ಲಿ 160, ಸ್ಟ್ಯಾಂಡರ್ಡ್‌ನಲ್ಲಿ 170. 124 ಗ್ರೇನ್ ಗುಂಡು 1,050 ಅಡಿ ವೇಗದಲ್ಲಿ ಹೋದರೆ 130.2. ಇದು ನೆಮ್ಮದಿಯ ಜಾಗ. 1,015 ಅಡಿಗೆ ಇಳಿದರೆ 125.9. ಚಳಿಯ ಬೆಳಗ್ಗೆ ಗುಂಡಿನ ವೇಗ ಸ್ವಲ್ಪ ಇಳಿದರೆ ಸಾಕು, ಪಂದ್ಯದ ಅಳತೆಯಲ್ಲಿ ಸೋಲುತ್ತೀರಿ. ಮೈನರ್ ಕೂಡ ಮುಟ್ಟದಿದ್ದರೆ ಇಡೀ ಪಂದ್ಯದ ಅಂಕ ಸೊನ್ನೆ. ಎದೆಗುಂದಿಸುವ ಸೋಲು ಅದು, ಬೇಕಾಗಿಲ್ಲ.

ಇನ್ನು ಸ್ಪ್ರಿಂಗುಗಳು. ಸ್ಲೈಡಿನ (ಗುಂಡು ಹಾರಿದಾಗ ಹಿಂದೆ ಮುಂದೆ ಓಡುವ ಮೇಲ್ಭಾಗ) ಸ್ಪ್ರಿಂಗ್ ನಿಮ್ಮ ಗುಂಡಿಗೆ ಹೊಂದಬೇಕು. ತೀರಾ ಬಿಗಿಯಾದರೆ ಸ್ಲೈಡ್ ಪೂರ್ತಿ ಹಿಂದೆ ಬರುವುದಿಲ್ಲ, ಖಾಲಿ ತೋಟೆ ಸಿಕ್ಕಿಕೊಳ್ಳುತ್ತದೆ. ಮುಚ್ಚುವಾಗ ಮೂತಿ ಕೆಳಗೆ ಕುಕ್ಕುತ್ತದೆ. ತೀರಾ ಸಡಿಲವಾದರೆ ಸ್ಲೈಡ್ ಫ್ರೇಮಿಗೆ ಜೋರಾಗಿ ಬಡಿಯುತ್ತದೆ, ಮುಂದಿನ ಗುಂಡನ್ನು ಒಳಗೆ ತಳ್ಳುವ ಬಲವೂ ಉಳಿಯುವುದಿಲ್ಲ. ಎರಡು ಗುಂಡು ಬೇಗ ಬೇಗ ಹೊಡೆದು ಮುಂದಿನ ಸೈಟ್ (ನಳಿಗೆಯ ತುದಿಯ ಗುರಿಕಡ್ಡಿ) ನೋಡಿ. ಎದ್ದದ್ದು ಅದೇ ಜಾಗಕ್ಕೆ ತಾನಾಗಿ ಬಂದು ಕೂತರೆ ಸ್ಪ್ರಿಂಗ್ ಸರಿಯಿದೆ.

ಹ್ಯಾಮರ್ ಸ್ಪ್ರಿಂಗ್ ಹಗುರ ಮಾಡಿದರೆ ಮೊದಲ ಎಳೆತ ಸಲೀಸಾಗುತ್ತದೆ, ನಿಜ. ಆದರೆ ಗುಂಡಿನ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ಗೆ ಬೀಳುವ ಪೆಟ್ಟೂ ಮೆತ್ತಗಾಗುತ್ತದೆ. ಪಂದ್ಯಕ್ಕೆ ಬಳಸುವ ಗುಂಡಿನಲ್ಲೇ ಪರೀಕ್ಷೆ ಮಾಡಿ. ಒಂದೇ ಒಂದು ಗುಂಡು ಹಾರದಿದ್ದರೂ ಒಂದು ಹೆಜ್ಜೆ ಬಿಗಿ ಸ್ಪ್ರಿಂಗಿಗೆ ಹಿಂದಿರುಗಿ. ಪ್ರೊಡಕ್ಷನ್‌ನಲ್ಲಿ ಟ್ರಿಗರ್ ತೂಕಕ್ಕೆ ಕನಿಷ್ಠ ಮಿತಿ ಇದೆ ಅನ್ನೋದನ್ನೂ ಮರೆಯಬೇಡಿ. ಮತ್ತೆ, ಟ್ರಿಗರಿನ ಒಳಗಿನ ಕೊಂಡಿಗಳಿಗೆ ನೀವೇ ಅರ ಹಾಕಬೇಡಿ. ಅಲ್ಲಿ ಕೂದಲೆಳೆಯಷ್ಟು ಜಾಸ್ತಿ ಉಜ್ಜಿದರೆ ಒಂದು ಎಳೆತಕ್ಕೆ ಎರಡು ಗುಂಡು ಹಾರಬಹುದು. ಅಂಥ ಪಿಸ್ತೂಲನ್ನು ಪಂದ್ಯದಿಂದ ತೆಗೆಸಬಹುದು, ಅದು ನ್ಯಾಯವೂ ಹೌದು. ಪಕ್ಕದಲ್ಲಿ ನಿಂತವರ ಜೀವದ ಪ್ರಶ್ನೆ.

ಸೈಟಿಗೆ ಒಂದು ಲೆಕ್ಕ ಕೊಡುತ್ತೇನೆ, ಬರೆದಿಟ್ಟುಕೊಳ್ಳಿ. ಗುಂಡು ಎಷ್ಟು ತಪ್ಪಿತು ಅನ್ನೋದನ್ನು ಎರಡು ಸೈಟುಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. ಎಲ್ಲವೂ ಮಿಲಿಮೀಟರಿನಲ್ಲಿರಲಿ. 25 ಮೀಟರಿನಲ್ಲಿ ಗುಂಡು 60 ಮಿ.ಮೀ. ಕೆಳಗೆ ಬೀಳುತ್ತಿದೆ, ಸೈಟುಗಳ ಅಂತರ 170 ಮಿ.ಮೀ. ಅನ್ನಿ. 60 ಗುಣಿಸು 170, ಭಾಗಿಸು 25,000. ಬಂದದ್ದು ಸುಮಾರು 0.4 ಮಿ.ಮೀ. ಗುಂಡು ಕೆಳಗೆ ಬೀಳುತ್ತಿದ್ದರೆ ಮುಂದಿನ ಸೈಟ್ ಅಷ್ಟು ಗಿಡ್ಡ ಆಗಬೇಕು. ಮೇಲೆ ಬೀಳುತ್ತಿದ್ದರೆ ಅಷ್ಟು ಎತ್ತರ. ಹೊಂದಿಸಬಹುದಾದ ಹಿಂದಿನ ಸೈಟ್ ಇದ್ದರೆ ಅದನ್ನು ಗುಂಡು ಯಾವ ಕಡೆ ಹೋಗಬೇಕೋ ಅದೇ ಕಡೆ ಸರಿಸಿ. ಆದರೆ ನಾಲ್ಕೈದು ಗುಂಪು (ಒಂದೇ ಗುರಿಗೆ ಸಾಲಾಗಿ ಹೊಡೆದ ಗುಂಡುಗಳು) ಹೊಡೆದು, ಎಲ್ಲವೂ ಒಂದೇ ಕಡೆ ಬಿದ್ದ ಮೇಲೆ ಮಾತ್ರ. ಒಂದೇ ಗುಂಪು ನೋಡಿ ಸೈಟ್ ತಿರುಗಿಸುವವರು ದಿನವಿಡೀ ತಿರುಗಿಸುತ್ತಲೇ ಇರುತ್ತಾರೆ.

ವರ್ಲಿಯಲ್ಲಿ ಕಲಿತ .22ರ ಶಿಸ್ತು ನಿಮಗೆ ಅಲ್ಲಿ ದೊಡ್ಡ ಆಸ್ತಿ. ನಮ್ಮಲ್ಲಿ 9 ಎಂಎಂ ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರ್ (ನಳಿಗೆಯ ಅಳತೆ). ಹಾಗಾಗಿ ಅಲ್ಲಿ ಮಾಡಿಸಿಕೊಂಡದ್ದನ್ನು ವಾಪಸ್ ತರುವ ಯೋಚನೆ ಇಟ್ಟುಕೊಳ್ಳಬೇಡಿ. ಮೂರು ವರ್ಷದ ಕೊನೆಗೆ ಅಲ್ಲೇ ಮಾರಬೇಕಾಗುತ್ತದೆ. ವಿಪರೀತ ಕಸ್ಟಮ್ ಮಾಡಿದ ಪಿಸ್ತೂಲಿಗಿಂತ ಸಾದಾ ಶ್ಯಾಡೋ 2ಕ್ಕೆ ಗಿರಾಕಿ ಬೇಗ ಸಿಗುತ್ತಾರೆ.

ಪ್ರಶ್ನೆ: ನಮಸ್ಕಾರ. ನಾವು ಪುಣೆಯ ಕೋಥ್ರೂಡಿನಲ್ಲಿದ್ದೇವೆ. ಮಗಳಿಗೆ 13 ವರ್ಷ, 10 ಮೀಟರ್ ಏರ್ ಪಿಸ್ತೂಲು ಕಲಿಯುತ್ತಿದ್ದಾಳೆ. ಜೊತೆಯ ಮಕ್ಕಳೆಲ್ಲ ಅಳತೆ ಕೊಟ್ಟು ಮರದ ಹಿಡಿ ಮಾಡಿಸಿದ್ದಾರೆ. ನಾವೂ ಮಾಡಿಸಬೇಕಾ? ಬಹಳ ದುಬಾರಿ ಅಂತ ಕೇಳಿದ್ದೇವೆ.

ಉತ್ತರ: ತಾಯಿ, ಈಗಲೇ ಬೇಡ. ಮಗುವಿನ ಕೈ ಇನ್ನೂ ಬೆಳೆಯುತ್ತಿದೆ. ಇಂದು ಅಳತೆ ಕೊಟ್ಟ ಹಿಡಿ ಬರುವ ವರ್ಷ ಬಿಗಿಯಾಗುತ್ತದೆ. ಮೊರಿನಿ, ಸ್ಟೈಯರ್, ವಾಲ್ಟರ್, ಪಾರ್ಡಿನಿ, ಎಲ್ಲ ಕಂಪನಿಗಳೂ ಹಿಡಿಯನ್ನು ಬೇರೆ ಬೇರೆ ಸೈಜಿನಲ್ಲಿ ಕೊಡುತ್ತವೆ. ಎಡಗೈಯವರಿಗೂ ಬೇರೆಯೇ ಸಿಗುತ್ತದೆ. ಸರಿಯಾದ ಸೈಜ್ ಆರಿಸಿ, ಉಳಿದದ್ದನ್ನು ಪುಟ್ಟಿ ಮತ್ತು ಉಪ್ಪುಕಾಗದದಲ್ಲಿ ಸರಿಮಾಡಬಹುದು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮಗಳು ಕಣ್ಣು ಮುಚ್ಚಿ ಖಾಲಿ ಪಿಸ್ತೂಲನ್ನು ಗೋಡೆಯ ಕಡೆ ಎತ್ತಲಿ. ಆರಾಮಾಗಿ ನಿಂತ ಮೇಲೆ ಕಣ್ಣು ತೆರೆಯಲಿ. ಮುಂದಿನ ಸೈಟ್ ಹಿಂದಿನ ಸಂದಿಯ ನಡುವೆ ಇದ್ದರೆ ಹಿಡಿ ಸರಿ. ಪ್ರತಿ ಸಲ ಎಡಕ್ಕೋ ಬಲಕ್ಕೋ ವಾಲಿದ್ದರೆ ಹಿಡಿಯ ಕೋನ ಬದಲಾಗಬೇಕು. ಈಗಿನ ಪಿಸ್ತೂಲುಗಳಲ್ಲಿ ಅದಕ್ಕೆ ಸ್ಕ್ರೂ ಇರುತ್ತದೆ. ಮಣಿಕಟ್ಟು ತಿರುಗಿಸಿ ಸರಿಮಾಡಿಕೊಳ್ಳುವ ಅಭ್ಯಾಸ ಮಾತ್ರ ಬೇಡ. ಒತ್ತಡ ಬಂದ ದಿನ ಮಣಿಕಟ್ಟು ತನ್ನ ಜಾಗಕ್ಕೇ ಹೋಗುತ್ತದೆ.

ಎಲ್ಲಿ ಒತ್ತುತ್ತಿದೆ ಅಂತ ತಿಳಿಯಲು ಅಂಗೈಗೆ ಸೀಮೆಸುಣ್ಣದ ಪುಡಿ ಹಚ್ಚಿ ಹಿಡಿಸಿ. ಪುಡಿ ಅಂಟಿದ ಕಡೆ ಕೈ ಮುಟ್ಟಿದೆ, ಅಂಟದ ಕಡೆ ಖಾಲಿ ಇದೆ. ಖಾಲಿ ಜಾಗಕ್ಕೆ ಸ್ವಲ್ಪ ಪುಟ್ಟಿ, ಜಾಸ್ತಿ ಒತ್ತುವ ಕಡೆ ಸ್ವಲ್ಪ ಉಜ್ಜು. ಒಂದೇ ದಿನ ಎಲ್ಲ ಮುಗಿಸಬೇಡಿ. ಒಂದು ಬದಲಾವಣೆ ಮಾಡಿ, ಒಂದು ವಾರ ಹೊಡೆದು ನೋಡಿ, ಆಮೇಲೆ ಇನ್ನೊಂದು. ಟ್ರಿಗರ್ ಬೆರಳು ಮಾತ್ರ ಹಿಡಿಯ ಮರಕ್ಕೆ ತಾಗಲೇಬಾರದು. ತಾಗಿದರೆ ಎಳೆದಾಗಲೆಲ್ಲ ಪಿಸ್ತೂಲನ್ನೂ ತಳ್ಳುತ್ತದೆ.

ನಿಯಮದ ಮಿತಿಯೂ ಗಮನದಲ್ಲಿರಲಿ. ಹಿಡಿ ಮಣಿಕಟ್ಟಿಗೆ ಆಸರೆ ಕೊಡಬಾರದು. ಅಂಗೈ ಕೂರುವ ಪಟ್ಟಿ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಮೇಲೆ ಬಾಗಬಾರದು. ಇಡೀ ಪಿಸ್ತೂಲು 420 × 200 × 50 ಮಿ.ಮೀ. ಪೆಟ್ಟಿಗೆಯಲ್ಲಿ ಹಿಡಿಸಬೇಕು, ತೂಕ 1,500 ಗ್ರಾಂ ಮೀರಬಾರದು. ಟ್ರಿಗರ್ 500 ಗ್ರಾಂ ತೂಕವನ್ನು ಎತ್ತಬೇಕು. 505, 510ಕ್ಕೆ ಇಟ್ಟುಕೊಂಡರೆ ಪಂದ್ಯದ ತಪಾಸಣೆಯಲ್ಲಿ ಎದೆ ಬಡಿದುಕೊಳ್ಳುವುದಿಲ್ಲ.

ಹಿಡಿಗೆ ಹಾಕಬೇಕೆಂದಿದ್ದ ದುಡ್ಡಿನಲ್ಲಿ ವರ್ಷಕ್ಕೊಮ್ಮೆ ಪಿಸ್ತೂಲಿನ ಸರ್ವಿಸ್ ಮಾಡಿಸಿ, ಸೀಲುಗಳನ್ನು ಬದಲಿಸಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೈಕೊಟ್ಟಿತು. ಅಮೂಲ್ಯ ನಿಮಿಷಗಳು ಹೋದವು, ಫೈನಲ್ ತಪ್ಪಿತು. 2024ರಲ್ಲಿ ಪ್ಯಾರಿಸ್‌ನಲ್ಲಿ ಅದೇ ಹುಡುಗಿ ಎರಡು ಕಂಚು ಗೆದ್ದಳು. ಮಗಳಿಗೆ ಇದನ್ನು ಹೇಳಿ. ಪಿಸ್ತೂಲು ತಾನೇ ಬಿಚ್ಚಿ ಒರೆಸಿ ಜೋಡಿಸೋದನ್ನು ಈಗಿನಿಂದಲೇ ಕಲಿಯಲಿ.

ಪ್ರಶ್ನೆ: ಮಡಗಾಂವ್‌ನಿಂದ ಬರೆಯುತ್ತಿದ್ದೇನೆ, ಮೂಲ ಕಾರವಾರ. ತಂದೆಯವರ ಹೆಸರಿನಲ್ಲಿ ಲೈಸೆನ್ಸ್ ಇರುವ .32 ಪಿಸ್ತೂಲು ಮನೆಯಲ್ಲಿದೆ. ಅದರ ಟ್ರಿಗರ್ ಹಗುರ ಮಾಡಿಸಿ, ಡಾಟ್ ಸೈಟ್ ಹಾಕಿಸಿ ಪಂದ್ಯಕ್ಕೆ ಬಳಸಬಹುದೇ?

ಉತ್ತರ: ಬೇಡ. ಲೈಸೆನ್ಸ್ ತಂದೆಯವರದು, ನಿಮ್ಮದಲ್ಲ. ಅದನ್ನು ನೀವು ಹೊತ್ತು ತಿರುಗುವ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದವರು ಬಂದೂಕಿನ ರಿಪೇರಿ, ಬದಲಾವಣೆ ಮಾಡುವುದೇ ಅಪರಾಧ. ಪರಿಚಯದ ಲೇತ್ ಅಂಗಡಿಯವರ ಹತ್ತಿರ ಒಯ್ಯುವ ಯೋಚನೆ ಬಂದಿದ್ದರೆ ಈಗಲೇ ಬಿಟ್ಟುಬಿಡಿ.

ಇನ್ನೊಂದು ಮಾತು. ಆತ್ಮರಕ್ಷಣೆಯ .32 ಪಿಸ್ತೂಲಿನ ಗುಂಡು ಬೇರೆ, 25 ಮೀಟರ್ ಸೆಂಟರ್ ಫೈರ್ ಪಂದ್ಯದ .32 ಗುಂಡು ಬೇರೆ. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಗಿಡ್ಡ ನಳಿಗೆ, ಚಿಕ್ಕ ಸೈಟು, ಭಾರದ ಟ್ರಿಗರ್ ಇರುವ ಪಿಸ್ತೂಲಿಗೆ ಏನು ಮಾಡಿಸಿದರೂ ಅದು ಪಂದ್ಯದ ಪಿಸ್ತೂಲು ಆಗುವುದಿಲ್ಲ. ನಿಮ್ಮ ಆಸೆ ದೊಡ್ಡದು, ಅದನ್ನು ಸರಿಯಾದ ದಾರಿಯಲ್ಲಿ ತೀರಿಸಿಕೊಳ್ಳಿ. ರಾಜ್ಯ ರೈಫಲ್ ಸಂಘಕ್ಕೆ ಸೇರಿ. ಏರ್ ಪಿಸ್ತೂಲಿನಿಂದ ಶುರು ಮಾಡಿ, .22ಕ್ಕೆ ಹೋಗಿ. ಕೊಲ್ಹಾಪುರದ ರಾಹಿ ಸರ್ನೋಬತ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದದ್ದು .22 ಪಿಸ್ತೂಲಿನಲ್ಲೇ.

ಪ್ರಶ್ನೆ: ಮಾಟುಂಗಾದ ಓದುಗ ನಾನು, ವಯಸ್ಸು 49. ಕ್ಲಬ್ಬಿನಲ್ಲಿ ಏರ್ ಪಿಸ್ತೂಲು ಹೊಡೆಯುತ್ತೇನೆ. ಚಾಳೀಸು ಬಂದಿದೆ. ಹಾಕಿದರೆ ಗುರಿ ಕಾಣದು, ತೆಗೆದರೆ ಸೈಟ್ ಕಾಣದು. ಡಾಟ್ ಸೈಟ್ ಹಾಕಿಸಬಹುದಾ?

ಉತ್ತರ: ನಿಮ್ಮ ಪಂದ್ಯದಲ್ಲಿ ಡಾಟ್ ಸೈಟಿಗೆ ಅನುಮತಿ ಇಲ್ಲ. ಬೇಕಾಗಿಯೂ ಇಲ್ಲ. ಗುರಿ ಮಸುಕಾಗಿ ಕಂಡರೆ ತಪ್ಪಿಲ್ಲ, ಮುಂದಿನ ಸೈಟ್ ಚೂಪಾಗಿ ಕಾಣಬೇಕು. ಓದುವ ಕನ್ನಡಕ ಇರುವುದು ಪುಸ್ತಕದ ದೂರಕ್ಕೆ. ಸೈಟ್ ಅದಕ್ಕಿಂತ ದೂರದಲ್ಲಿದೆ.

ಹೀಗೆ ಮಾಡಿ. ಪಂದ್ಯದ ಭಂಗಿಯಲ್ಲಿ ನಿಂತು ಕಣ್ಣಿನಿಂದ ಮುಂದಿನ ಸೈಟಿನವರೆಗೆ ಎಷ್ಟು ದೂರ ಅಂತ ಟೇಪಿನಲ್ಲಿ ಯಾರಿಂದಾದರೂ ಅಳೆಸಿ. ಆ ಅಳತೆಯನ್ನು ಚೀಟಿಯಲ್ಲಿ ಬರೆದು ಕಣ್ಣಿನ ಪರೀಕ್ಷೆ ಮಾಡುವವರಿಗೆ ಕೊಡಿ. ಪಿಸ್ತೂಲು ಒಯ್ಯಬೇಡಿ. ಸಾಮಾನ್ಯವಾಗಿ ದೂರದ ನಂಬರಿಗೆ +0.5ರಿಂದ +0.75 ಸೇರಿಸಿದ ಒಂಟಿ ನಂಬರಿನ ಗಾಜು ಸಾಕಾಗುತ್ತದೆ. ಬೈಫೋಕಲ್ ಬೇಡ, ತಲೆ ಎತ್ತಿ ಇಳಿಸಿ ಕತ್ತಿನ ಭಂಗಿ ಕೆಡುತ್ತದೆ. ಗುರಿ ಇಡದ ಕಣ್ಣನ್ನು ಹಿಸುಕಿ ಮುಚ್ಚುವ ಬದಲು ಅದರ ಮುಂದೆ 30 ಮಿ.ಮೀ. ಅಗಲ ಮೀರದ ಮಸುಕು ಪಟ್ಟಿ ಹಾಕಿಕೊಳ್ಳಿ. ಆ ಅಗಲ ನಿಯಮದಲ್ಲೇ ಇದೆ. ಎರಡೂ ಕಣ್ಣು ತೆರೆದಿದ್ದರೆ ದೀರ್ಘ ಪಂದ್ಯದ ಕೊನೆಗೂ ಆಯಾಸ ಕಡಿಮೆ. ಹೊಸ ಗಾಜು ಬಂದ ಮೇಲೆ ಸೈಟಿನ ಹಿಂದಿನ ಸಂದಿಯನ್ನು ಸ್ವಲ್ಪ ಅಗಲ ಮಾಡಿ ನೋಡಿ. ಎರಡು ಬದಿಯಲ್ಲೂ ಬೆಳಕು ಜಾಸ್ತಿ ಕಂಡರೆ ನಮ್ಮ ವಯಸ್ಸಿನ ಕಣ್ಣಿಗೆ ಅದು ಅನುಕೂಲ.